ಪಾಟಿಯ ಮೇಲಿನ ತಾರೀಖು

ಮುದ್ದೇಬಿಹಾಳ
12 ಆಗಸ್ಟ್ 2024

ಶ್ರೀ ಬಸವಂತರಾಯ ಅವರಿಗೆ, ಕನ್ನೊಳ್ಳಿ, ಸಿಂದಗಿ ತಾಲೂಕು.

ನಮಸ್ಕಾರ. ನಿಮಗೆ ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ನನ್ನ ಹೆಸರು, ಊರು ಕೇಳಿ ಇಟ್ಟುಬಿಟ್ಟಿರಿ. ಎರಡನೆಯ ಸಲ ಎತ್ತಿ ಸುಮ್ಮನಿದ್ದಿರಿ. ಮೂರನೆಯ ಸಲ ನಿಮ್ಮ ಸೊಸೆ, "ಮಾವಾರು ಹೊಲಕ್ಕ ಹೋಗ್ಯಾರ್ರಿ" ಅಂದರು. ಅವರ ಹಿಂದೆಯೇ ನಿಮ್ಮ ಕೆಮ್ಮು ಕೇಳಿಸುತ್ತಿತ್ತು. ಅದಕ್ಕೇ ಈ ರಜಿಸ್ಟರ್ ಪತ್ರ.

ನಾನು ಪ್ರಜ್ಞಾ. ಇಲ್ಲಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ರಜೆ ಬಂದಾಗಲೆಲ್ಲ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಘಾಟ್ ರಸ್ತೆಗಳ ಫೋಟೋ ತೆಗೆಯಲು ಹೋಗುತ್ತೇನೆ. ಎಂಟು ವರ್ಷದಿಂದ ಇದೇ ಹುಚ್ಚು. ಬಯಲುಸೀಮೆಯವಳಿಗೆ ಬೆಟ್ಟದ ರಸ್ತೆ ಏತಕ್ಕೆ ಎಂದು ನಮ್ಮ ಹೆಡ್‌ಮಾಸ್ತರರೂ ಕೇಳುತ್ತಾರೆ. ಆ ರಸ್ತೆಗಳನ್ನು ಕಟ್ಟಿದವರಲ್ಲಿ ಅರ್ಧ ಜನ ನಮ್ಮ ಸಿಂದಗಿ, ಇಂಡಿ, ಮುದ್ದೇಬಿಹಾಳ ಕಡೆಯವರು ಅನ್ನುವುದೇ ನನ್ನ ಉತ್ತರ. ಮುಂದಿನ ಜನವರಿಯಲ್ಲಿ ಆ ಫೋಟೋಗಳನ್ನೆಲ್ಲ ಇಲ್ಲಿ ಪ್ರದರ್ಶನಕ್ಕಿಡುತ್ತೇನೆ.

ಹಳೆಯ ಫೋಟೋ ಹುಡುಕುತ್ತ ಹೋದ ತಿಂಗಳು ಬಸವನ ಬಾಗೇವಾಡಿಗೆ ಹೋಗಿದ್ದೆ. ಅಲ್ಲಿ ಫೋಟೋಗ್ರಾಫರ್ ಶಮಶುದ್ದೀನ ಅವರ ಮಗಳು ಮೆಹರುನ್ನಿಸಾ ತಂದೆಯ ಟ್ರಂಕು ತೆಗೆದು ತೋರಿಸಿದರು. ಶಮಶುದ್ದೀನರು ತೀರಿಕೊಂಡು ಹನ್ನೆರಡು ವರ್ಷವಾಯಿತಂತೆ. ಅದರಲ್ಲೊಂದು ಫೋಟೋ ಗವಿಕೊಳ್ಳ ಘಾಟ್‌ನದು. ಅರ್ಧ ಕಟ್ಟಿದ ತಡೆಗೋಡೆ. ಅದರ ಪಕ್ಕ ಒಬ್ಬ ಕೆಲಸಗಾರ, ಶಾಲೆಯ ಮಕ್ಕಳು ಹಿಡಿಯುವಂಥ ಪಾಟಿಯನ್ನು ಎದೆಗೆ ಹಿಡಿದು ನಿಂತಿದ್ದಾನೆ. ಪಾಟಿಯ ಮೇಲೆ ಬಳಪದಲ್ಲಿ "ಕಿ.ಮೀ. 11, 24-3-86" ಎಂದಿದೆ. ಫೋಟೋದ ಹಿಂದೆ ಶಮಶುದ್ದೀನರು ಬರೆದದ್ದು: ಹಣಮಂತ್ರಾಯ, ತಂಗಡಗಿ.

ತಂಗಡಗಿ ನಮ್ಮ ಊರು, ಹಣಮಂತ್ರಾಯ ನನ್ನ ಅಪ್ಪ. ನಾನು ಒಂದು ವರ್ಷದವಳಿದ್ದಾಗ ಅವರು ನಿಮ್ಮ ಗ್ಯಾಂಗಿನಲ್ಲಿ ಕೆಲಸಕ್ಕೆ ಹೋದರು. ತಿರುಗಿ ಬರಲಿಲ್ಲ. ಆಳುಗಳ ಮೇಲಿನ ಮುಕಾದಮರಾಗಿ ನೀವು ನನ್ನ ಅವ್ವ ಸಾವಿತ್ರವ್ವನಿಗೆ ಬರೆದ ಕಾರ್ಡು ಇವತ್ತಿಗೂ ನಮ್ಮ ಮನೆಯಲ್ಲಿದೆ. ದಿನಾಂಕ 12-3-86. "ನಿಮ್ಮ ಯಜಮಾನ ಇದೇ 9ರಂದು ಯಾರಿಗೂ ಹೇಳದೆ ಲಾರಿ ಹತ್ತಿ ಕೊಂಕಣದ ಕಡೆ ಹೋಗಿದ್ದಾನೆ. ನಮಗೂ ಅವನಿಗೂ ಸಂಬಂಧವಿಲ್ಲ."

ಒಂಬತ್ತಕ್ಕೆ ಓಡಿ ಹೋದವರು ಇಪ್ಪತ್ನಾಲ್ಕಕ್ಕೆ ಪಾಟಿ ಹಿಡಿದು ಹೇಗೆ ನಿಂತರು? ಸುಳ್ಳು ಯಾವುದು, ನಿಮ್ಮ ಕಾರ್ಡೋ, ಪಾಟಿಯ ತಾರೀಖೋ? ಓಡಿ ಹೋದವನ ಹೆಂಡತಿ ಅನ್ನಿಸಿಕೊಂಡೇ ಅವ್ವ ಮೂವತ್ತೆಂಟು ವರ್ಷ ತೆಗೆದಿದ್ದಾಳೆ. ನನಗೆ ಇದೊಂದು ತಿಳಿಯಬೇಕು.

ಇತಿ,
ಪ್ರಜ್ಞಾ

—

ಕನ್ನೊಳ್ಳಿ
24 ಆಗಸ್ಟ್ 2024

ಪ್ರಜ್ಞಾ ಅಕ್ಕೋರಿಗೆ,

ಪತ್ರ ಮುಟ್ಟಿತು. ಸಹಿ ಮಾಡಿ ಬಿಡಿಸಿಕೊಂಡಿದ್ದೇನೆ, ಆದ್ದರಿಂದ ಮುಟ್ಟಿಲ್ಲ ಎನ್ನುವಂತಿಲ್ಲ. ಅದಕ್ಕೇ ಅಲ್ಲವೇ ನೀವು ರಜಿಸ್ಟರ್ ಮಾಡಿದ್ದು?

ಫೋನಿನಲ್ಲಿ ನಾನು ಯಾರ ಜೊತೆಗೂ ಮಾತಾಡುವುದಿಲ್ಲ. ಈಗ ಆಡಿದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತಾರೆ. ಆಮೇಲೆ ಬೇಕಾದ ತುಂಡು ಕತ್ತರಿಸಿ ಊರಿಗೆಲ್ಲ ಕೇಳಿಸುತ್ತಾರೆ. ಕಾಗದವಾದರೆ ನನ್ನದೊಂದು ನಕಲು ನನ್ನ ಹತ್ತಿರ ಉಳಿಯುತ್ತದೆ. ಇದರ ನಕಲನ್ನೂ ಇಟ್ಟುಕೊಂಡಿದ್ದೇನೆ.

ಮೊದಲು ನಿಮ್ಮನ್ನು ಕಳಿಸಿದವರು ಯಾರು ಹೇಳಿರಿ. ವಕೀಲರೋ, ಪೇಪರಿನವರೋ, ಇಲ್ಲಾ ನಮ್ಮ ಗುತ್ತೇದಾರ ಸತ್ತ ಮೇಲೆ ಅವನ ಆಸ್ತಿಗೆ ಬಡಿದಾಡುತ್ತಿರುವ ಅವನ ಮಕ್ಕಳೋ? ಸಾಲಿ ಕಲಿಸುವ ಹೆಣ್ಣುಮಗಳು ರಸ್ತೆಯ ಫೋಟೋ ತೆಗೆಯಲು ಬೆಟ್ಟ ಸುತ್ತುತ್ತಾಳೆಂದರೆ ಯಾರು ನಂಬಬೇಕು? ಮದುವೆಯ ಫೋಟೋ ತೆಗೆದರೆ ಅರ್ಥವಿದೆ.

ನೀವು ಹೇಳುವ ಹಣಮಂತ್ರಾಯನ ನೆನಪು ನನಗಿಲ್ಲ. ನನ್ನ ಕೈಕೆಳಗೆ ಎಪ್ಪತ್ತು ಜನರಿದ್ದರು. ಬೆಟ್ಟದ ಗಾಳಿ ಒಗ್ಗದೆ ಬಿಟ್ಟು ಹೋದವರು ಎಷ್ಟೋ. ತಮ್ಮ ಊರವರ ಜೊತೆ ಬಂದವರು ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ. ಅವನಂತೆ ಊರಿಂದ ಒಬ್ಬನೇ ಬಂದವನಿಗೆ ಏನು ಅಡ್ಡಿ?

ಆ ಕಾರ್ಡಿನದೂ ಫೋಟೋದ್ದೂ ಝೆರಾಕ್ಸ್ ಕಳಿಸಿರಿ. ನೋಡದೆ ನಾನು ಏನನ್ನೂ ಒಪ್ಪುವವನಲ್ಲ.

ಬಸವಂತರಾಯ

—

ಮುದ್ದೇಬಿಹಾಳ
7 ಸೆಪ್ಟೆಂಬರ್ 2024

ಬಸವಂತರಾಯ ಅವರಿಗೆ,

ಎರಡೂ ಝೆರಾಕ್ಸ್ ಇದರೊಳಗಿವೆ.

ನನ್ನನ್ನು ಯಾರೂ ಕಳಿಸಿಲ್ಲ. ಮೊದಲು ಘಾಟ್‌ಗೆ ಹೋದದ್ದು ಶಾಲೆಯ ಮಕ್ಕಳ ಪ್ರವಾಸದಲ್ಲಿ. ಗವಿಕೊಳ್ಳದ ಏಳನೆಯ ತಿರುವಿನಲ್ಲಿ ಬಸ್ಸು ಕೆಟ್ಟಿತು. ಇಳಿದು ನೋಡಿದರೆ ಕೆಳಗೆ ಒಂದರ ಕೆಳಗೊಂದು ಮೂರು ದಾರಿ. ತೀರ ಕೆಳಗಿನದು ಹೇರೆತ್ತುಗಳು ಕೊಂಕಣದ ಉಪ್ಪು ಹೊತ್ತು ಹತ್ತುತ್ತಿದ್ದ ಕಾಲುದಾರಿ. ನಡುವಿನದು ಬ್ರಿಟಿಷರ ಕಾಲದ ಬಂಡಿದಾರಿ. ಮೇಲಿನದು ನೀವೆಲ್ಲ ಎಂಬತ್ತಾರರಲ್ಲಿ ಅಗಲ ಮಾಡಿದ್ದು. ಮೂರೂ ಒಂದೇ ಚೌಕಟ್ಟಿನಲ್ಲಿ ಸಿಕ್ಕವು. ಪಕ್ಕದಲ್ಲಿದ್ದ ಕಲ್ಲಿನ ಮೇಲೆ ಎಂಜಿನಿಯರರ ಹೆಸರಿತ್ತು, ಉದ್ಘಾಟನೆ ಮಾಡಿದವರ ಹೆಸರಿತ್ತು. ಕಲ್ಲು ಹೊತ್ತವರ ಒಂದು ಹೆಸರೂ ಇರಲಿಲ್ಲ. ಹುಚ್ಚು ಹಿಡಿದದ್ದು ಅವತ್ತೇ. ಅಪ್ಪ ಕೆಲಸ ಮಾಡಿದ ಘಾಟ್ ಇದೇ ಎಂದು ಮನೆಗೆ ಬಂದು ಹಳೆಯ ಕಾರ್ಡು ತೆಗೆದು ನೋಡಿದಾಗ ತಿಳಿಯಿತು.

ನಮ್ಮ ಮನೆಯಲ್ಲಿ ಅಪ್ಪನ ಒಂದೂ ಫೋಟೋ ಇರಲಿಲ್ಲ. ಇದ್ದೊಂದನ್ನು ಅವ್ವ ಸಿಟ್ಟಿಗೆ ಒಲೆಗೆ ಹಾಕಿದ್ದಳು. ಈ ಫೋಟೋ ತೋರಿಸಿದಾಗ ಒಮ್ಮೆ ನೋಡಿ ಬೋರಲು ಇಟ್ಟಳು. "ಹೌದು, ಅಂವನ," ಅಂದಳು.

ಇನ್ನೊಂದು ಮಾತು. ಹಣಮಂತ್ರಾಯನ ನೆನಪಿಲ್ಲ ಎಂದು ಬರೆದವರೇ "ಅವನಂತೆ ಊರಿಂದ ಒಬ್ಬನೇ ಬಂದವನು" ಎಂದೂ ಬರೆದಿದ್ದೀರಿ. ಅವರು ಒಬ್ಬರೇ ಬಂದಿದ್ದರೆಂದು ನಾನು ಎಲ್ಲಿ ಹೇಳಿದ್ದೆ? ನಿಮ್ಮ ನಕಲು ತೆಗೆದು ನೋಡಿಕೊಳ್ಳಿ.

ಪ್ರಜ್ಞಾ

—

ಕನ್ನೊಳ್ಳಿ
3 ಅಕ್ಟೋಬರ್ 2024

ಅಕ್ಕೋರೆ,

ಕಾಗದ ಓದುವುದರಲ್ಲಿ ನೀವು ಪೊಲೀಸರಿಗಿಂತ ಜೋರಿದ್ದೀರಿ. ಇರಲಿ. ಫೋಟೋ ನೋಡಿದ ಮೇಲೆ ನೆನಪಾಯಿತು. ಹಣಮಂತ್ರಾಯ ಇದ್ದ, ತಂಗಡಗಿಯಿಂದ ಒಬ್ಬನೇ ಬಂದಿದ್ದ. ಅವನೇ ನಿಮ್ಮ ತಂದೆ ಎಂದರೆ ನಾನೇಕೆ ಅಲ್ಲ ಎನ್ನಲಿ?

ತಾರೀಖಿನ ವಿಷಯ. ನನ್ನ ಕಾರ್ಡಿನಲ್ಲಿ ತಪ್ಪಾಗಿರಬೇಕು. ಏಪ್ರಿಲ್ ಒಂಬತ್ತು ಎಂದು ಬರೆಯಲು ಹೋಗಿ ಮಾರ್ಚ್ ಎಂದು ಬರೆದಿರುತ್ತೇನೆ. ಎಪ್ಪತ್ತು ಜನರನ್ನು ಸಂಭಾಳಿಸುವವನ ತಲೆಯಲ್ಲಿ ತಿಂಗಳು ನಿಲ್ಲುತ್ತದೆಯೇ? ಫೋಟೋ ಸುಳ್ಳು ಹೇಳುವುದಿಲ್ಲ. ಇಪ್ಪತ್ನಾಲ್ಕಕ್ಕೆ ಅವನು ಕೆಲಸದ ಮೇಲಿದ್ದ, ಆಮೇಲೆ ಹೋದ. ಮಾತು ಮುಗಿಯಿತಲ್ಲ.

ಹೇಳಬಾರದೆಂದಿದ್ದೆ, ಇಷ್ಟು ಕೆದಕುತ್ತಿದ್ದೀರೆಂದು ಹೇಳುತ್ತೇನೆ. ಘಾಟ್ ಇಳಿದರೆ ಕೆಳಗೆ ಲಾರಿ ತಡೆಯುವ ನಾಕಾದಲ್ಲಿ ಒಂದು ಚಹದ ಅಂಗಡಿ ಇತ್ತು. ನಡೆಸುತ್ತಿದ್ದವಳು ಒಬ್ಬ ಹೆಣ್ಣುಮಗಳು. ನಿಮ್ಮ ತಂದೆ ಅಲ್ಲಿ ಬಹಳ ಹೊತ್ತು ಕೂಡುತ್ತಿದ್ದ. ಅವನು ಹೋದ ಮೇಲೆ ಆ ಅಂಗಡಿಯೂ ಬಾಗಿಲು ಹಾಕಿತು. ಇದನ್ನು ನಿಮ್ಮ ತಾಯಿಗೆ ಹೇಳುವುದೋ ಬಿಡುವುದೋ ನಿಮಗೆ ಸೇರಿದ್ದು.

ಇನ್ನು ಈ ವಿಷಯ ಇಲ್ಲಿಗೆ ಬಿಡಿರಿ. ನನಗೂ ವಯಸ್ಸಾಗಿದೆ.

ಬಸವಂತರಾಯ

—

ಮುದ್ದೇಬಿಹಾಳ
18 ನವೆಂಬರ್ 2024

ಬಸವಂತರಾಯ ಅವರಿಗೆ,

ನಿಮ್ಮ ಹೋದ ಪತ್ರವನ್ನು ನಾನು ನಂಬಿದೆ. ಅದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಂಬಿದ್ದಕ್ಕೇ ಅವ್ವನಿಗೆ ಆ ಪತ್ರ ಓದಿ ಹೇಳಲಿಲ್ಲ. ದೀಪಾವಳಿ ರಜೆ ಶುರುವಾದ ದಿನವೇ ಗವಿಕೊಳ್ಳಕ್ಕೆ ಹೋದೆ. ಘಾಟ್ ಇಳಿದು ಕೆಳಗಿನ ಹಳ್ಳಿಗಳಲ್ಲಿ ನಾಲ್ಕು ದಿನ ಅಲೆದೆ. ಎಪ್ಪತ್ತರ ಹತ್ತಿರದ ಮುದುಕರು ಕಂಡಲ್ಲೆಲ್ಲ ನಿಂತು ಮುಖ ನೋಡಿದೆ. ನನ್ನ ಹಾಗೆ ಕಿವಿ ಅಗಲವಿರುವವರು ಯಾರಾದರೂ ಸಿಕ್ಕಾರೆಂದು ಬಸ್ ಸ್ಟ್ಯಾಂಡಿನಲ್ಲಿ ಕೂತೆ. ಒಬ್ಬ ಮುದುಕ, "ಏನ್ ಬೇಕವ್ವಾ?" ಎಂದು ಕೇಳಿದಾಗ ನಿಮ್ಮ ಊರು ಯಾವುದೆಂದು ಕೇಳಿದೆ. ಅವರ ಊರು ಧಾರವಾಡದ ಕಡೆಯದು. ನಾಕಾದ ಹಿರಿಯರನ್ನೆಲ್ಲ ಕೇಳಿದೆ. ಅಲ್ಲಿ ಚಹದ ಅಂಗಡಿ ಇದ್ದದ್ದು ನಿಜ. ಅದನ್ನು ನಡೆಸುತ್ತಿದ್ದವರು ಗಂಡಸರು, ಅಣ್ಣತಮ್ಮಂದಿರು. ಈಗಲೂ ಅವರ ಮಕ್ಕಳೇ ನಡೆಸುತ್ತಾರೆ.

ತಿರುಗಿ ಬರುವಾಗ ಬಾಗೇವಾಡಿಯಲ್ಲಿ ಇಳಿದೆ. ಮೆಹರುನ್ನಿಸಾ ಆ ಫೋಟೋದ ನೆಗೆಟಿವ್ ಹುಡುಕಿ ಇಟ್ಟಿದ್ದರು. ಒಂದೇ ಪಟ್ಟಿಯಲ್ಲಿ ನಾಲ್ಕು ಚಿತ್ರ. ಮೊದಲನೆಯದರಲ್ಲಿ ಪಾಟಿಯ ಮೇಲೆ 10-3-86. ಎರಡನೆಯದರಲ್ಲಿ 17. ಮೂರನೆಯದು ನಾನು ನೋಡಿದ್ದು, 24.

ಮೂರನ್ನೂ ದೊಡ್ಡದು ಮಾಡಿ ಗೋಡೆಗೆ ಅಂಟಿಸಿ ಎರಡು ದಿನ ನೋಡಿದೆ. ನಾನು ದಿನವೂ ಬಿಸಿಲು ನೋಡುವವಳು. ಘಾಟ್‌ನಲ್ಲಿ ನೆರಳು ಒಂದು ಗೇಣು ಸರಿಯಲಿ ಎಂದು ಗಂಟೆಗಟ್ಟಲೆ ಕಾದವಳು. ಮೂರರಲ್ಲೂ ಪಾಟಿಯ ನೆರಳು ಅಪ್ಪನ ಎದೆಯ ಮೇಲೆ ಒಂದೇ ಕಡೆ ಬಿದ್ದಿದೆ. ಎಡಗೈ ಹೆಬ್ಬೆರಳಿಗೆ ಕಟ್ಟಿದ ಅರಿವೆಯ ಗಂಟು ಮೂರರಲ್ಲೂ ಒಂದೇ. ಅಂಗಿಯ ಎರಡನೆಯ ಗುಂಡಿ ತೂತು ತಪ್ಪಿದ್ದೂ ಮೂರರಲ್ಲಿದೆ. ಎರಡು ವಾರ ಯಾರೂ ಗುಂಡಿ ತಪ್ಪಿಸಿಕೊಂಡೇ ಇರುವುದಿಲ್ಲ. ಮೂರೂ ಒಂದೇ ದಿನ, ಒಂದೇ ಗಂಟೆಯೊಳಗೆ ತೆಗೆದವು. ಪಾಟಿಯ ತಾರೀಖುಗಳೆಲ್ಲ ಸುಳ್ಳು.

ಅಂದರೆ ಫೋಟೋ ನಿಮ್ಮ ಕಾರ್ಡನ್ನು ಸುಳ್ಳು ಮಾಡುವುದಿಲ್ಲ, ಅದರ ಒಂಬತ್ತನೆಯ ತಾರೀಖು ಸರಿಯಾಗಿಯೇ ಇತ್ತು. ನಾನು ಫೋಟೋ ತೋರಿಸಿದ ಕೂಡಲೇ ಅದನ್ನು ಬದಲಿಸಿದಿರಿ. ಸುಳ್ಳು ತಾರೀಖನ್ನು ನಿಜ ಮಾಡಲು ಹೊರಟಿರಿ. ಪಾಟಿ ಸುಳ್ಳೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ನೀವು.

ನಾಲ್ಕನೆಯ ಚಿತ್ರದ ಬಗ್ಗೆ ಬರೆದಿಲ್ಲ ಅಲ್ಲವೇ? ಅದರಲ್ಲಿ ಗೋಡೆಯ ತುದಿ ಇದೆ, ತುಂಬ ಧೂಳು ಇದೆ. ಮನುಷ್ಯನಿಲ್ಲ.

ನಾಲ್ಕನೆಯದರಲ್ಲಿ ನನ್ನ ಅಪ್ಪ ಎಲ್ಲಿದ್ದಾರೆ?

ಪ್ರಜ್ಞಾ

—

ಕನ್ನೊಳ್ಳಿ
2 ಡಿಸೆಂಬರ್ 2024

ಪ್ರಕೃತಿ ಸರಿಯಿಲ್ಲ. ಡಾಕ್ಟರರು ಓದುವುದು ಬರೆಯುವುದು ಬೇಡ ಎಂದಿದ್ದಾರೆ. ಇನ್ನು ಪತ್ರ ಹಾಕಿದರೆ ಬಿಡಿಸಿಕೊಳ್ಳುವುದಿಲ್ಲ.

ಬಸವಂತರಾಯ

—

ಮುದ್ದೇಬಿಹಾಳ
20 ಡಿಸೆಂಬರ್ 2024

ಬಸವಂತರಾಯ ಅವರಿಗೆ,

ಇದು ಸಾದಾ ಅಂಚೆ. ಸಹಿ ಬೇಕಿಲ್ಲ, ಬಿಡಿಸಿಕೊಂಡಿಲ್ಲ ಎಂದು ನೀವು ಹೇಳಬಹುದು.

ಜನವರಿ 25ರಿಂದ ಮೂರು ದಿನ ಪ್ರದರ್ಶನ. ಆ ನಾಲ್ಕು ಚಿತ್ರಗಳನ್ನು ಪಟ್ಟಿಯಲ್ಲಿದ್ದಂತೆಯೇ ಸಾಲಾಗಿ ತೂಗುಹಾಕುತ್ತೇನೆ. ಉಳಿದೆಲ್ಲ ಚಿತ್ರಗಳ ಕೆಳಗೆ ವಿವರ ಬರೆದ ಚೀಟಿ ಇರುತ್ತದೆ. ಈ ನಾಲ್ಕರ ಕೆಳಗೆ ಖಾಲಿ ಚೀಟಿ ಅಂಟಿಸುತ್ತೇನೆ. ಯಾಕೆ ಖಾಲಿ ಎಂದು ಕೇಳಿದವರಿಗೆ, ಬರೆಯಬೇಕಾದವರು ಇನ್ನೂ ಬರೆದಿಲ್ಲ ಎನ್ನುತ್ತೇನೆ. ನಿಮ್ಮ ಹೆಸರು ಹೇಳುವುದಿಲ್ಲ.

ನೀವು ಕೊಂದಿರಿ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಇಲ್ಲ, ಓಡಿ ಹೋಗಲು ನೀವೇ ದಾರಿ ಮಾಡಿಕೊಟ್ಟಿರಿ ಎಂದು ಒಮ್ಮೊಮ್ಮೆ. ಶಾಲೆಯಲ್ಲಿ ಪಾಠ ಮಾಡುತ್ತಿರುವಾಗಲೂ ಇದೇ ತಲೆಯಲ್ಲಿ ತಿರುಗುತ್ತದೆ. ಬೆಳಗಾದರೆ ಒಂದು ನಂಬುತ್ತೇನೆ, ಸಂಜೆಗೆ ಇನ್ನೊಂದು. ಯಾವುದಾದರೂ ಒಂದು ಗಟ್ಟಿಯಾದರೆ ಸಾಕಾಗಿದೆ.

ಪ್ರಜ್ಞಾ

—

ಕನ್ನೊಳ್ಳಿ
6 ಜನವರಿ 2025

ಪ್ರಜ್ಞಾ ಅಕ್ಕೋರಿಗೆ,

ನಿಮ್ಮ ಪತ್ರವನ್ನು ಈ ಸಲ ನನ್ನ ಸೊಸೆ ಕಾವೇರಿ ಒಡೆದು ಓದಿದಳು. ಹಿಂದಿನವನ್ನೂ ಓದಿದ್ದಳಂತೆ, ನಾನು ಇಟ್ಟ ನಕಲುಗಳನ್ನೂ. "ನೀವು ಬರೀರಿ, ಇಲ್ಲಾಂದ್ರ ನಾ ಆ ಅಕ್ಕೋರ ಮನಿಗೆ ಹೋಗ್ತೇನಿ," ಅಂದಳು. ಅವಳ ಎದುರಿಗೇ ಕೂತು ಬರೆಯುತ್ತಿದ್ದೇನೆ. ಖಾಲಿ ಚೀಟಿಯ ವಿಷಯ ಓದಿದ ಮೇಲೆ ನನಗೂ ಊಟ ಸೇರಿಲ್ಲ. ನೀವು ಅದರ ಮೇಲೆ ಏನು ಬರೆದಿದ್ದರೂ ಸುಳ್ಳೆಂದು ಜಗಳಾಡಬಹುದಿತ್ತು.

ಕೆಲಸ ಎಷ್ಟು ಮುಂದುವರಿದಿದೆ ಎಂದು ತೋರಿಸಲು ವಾರಕ್ಕೊಂದು ಫೋಟೋ ಮೇಲಿನವರಿಗೆ ಹೋಗಬೇಕಿತ್ತು. ಕಿಲೋಮೀಟರು, ತಾರೀಖು ಬರೆದ ಪಾಟಿ ಹಿಡಿದು ಒಬ್ಬ ನಿಲ್ಲಬೇಕು. ಶಮಶುದ್ದೀನ ಬಾಗೇವಾಡಿಯಿಂದ ಅಷ್ಟು ದೂರ ತಿಂಗಳಿಗೊಮ್ಮೆ ಬರುವುದೇ ಹೆಚ್ಚು. ಅದಕ್ಕೆ ಅವನು ಬಂದ ದಿನವೇ ನಾಲ್ಕು ವಾರದ ಫೋಟೋ ತೆಗೆಸಿಬಿಡುತ್ತಿದ್ದೆ. ಗೋಡೆ ಒಂದು ಕಡೆ ಮೊಣಕಾಲೆತ್ತರ ಇರುತ್ತಿತ್ತು, ಮುಂದೆ ಸೊಂಟದೆತ್ತರ, ಅದರ ಮುಂದೆ ಆಳೆತ್ತರ. ತಾರೀಖು ಅಳಿಸಿ ಬರೆದು ಜಾಗ ಬದಲಿಸಿದರೆ ಗೋಡೆ ವಾರ ವಾರಕ್ಕೆ ಬೆಳೆದಂತೆ ಕಾಣುತ್ತಿತ್ತು. ಇದು ನನ್ನ ತಲೆಯಿಂದ ಬಂದ ಉಪಾಯ. ಗುತ್ತೇದಾರ ಅದಕ್ಕೆ ಭೇಷ್ ಅಂದಿದ್ದ.

ಮಾರ್ಚ್ ಒಂಬತ್ತು ರವಿವಾರ. ಗ್ಯಾಂಗಿನವರೆಲ್ಲ ಸಂತೆಗೆ ಹೋಗಿದ್ದರು. ನಿಮ್ಮ ತಂದೆಯನ್ನು ನಾನೇ ಇರಿಸಿಕೊಂಡೆ. ಏಳನೇತ್ತದವರೆಗೆ ಕಲಿತಿದ್ದ, ಅಂಕಿ ದುಂಡಗೆ ಬರೆಯುತ್ತಿದ್ದ. ಪಾಟಿಯ ಮೇಲಿನ ಅಕ್ಷರ ಅವನವೇ. ಎರಡನೆಯ ತಾರೀಖು ಬರೆಯುವಾಗ ನಕ್ಕ. "ಇನ್ನೂ ಬರದ ದಿನಾನೂ ಬರೀಬೇಕೇನ್ರಿ ಮುಕಾದಮರ?" ಅಂದ. ಬರಿ ಅಂದೆ.

ನಾಲ್ಕನೆಯದಕ್ಕೆ 31-3-86 ಎಂದು ಬರೆದ. ಆ ಜಾಗದಲ್ಲಿ ಗೋಡೆಯ ತುದಿಯವರೆಗೂ ಹೊಸ ಮಣ್ಣು ತುಂಬಿದ್ದರು, ಧುಮ್ಮಸು ಹೊಡೆದು ಗಟ್ಟಿ ಮಾಡಿರಲಿಲ್ಲ. ಗೋಡೆ ಕಾಣಬೇಕಾದರೆ ಅವನು ಅಂಚಿಗೇ ನಿಲ್ಲಬೇಕಿತ್ತು. ಶಮಶುದ್ದೀನ, "ಮಣ್ಣು ಸಡಲ ಐತ್ರಿ, ಇಷ್ಟ ಸಾಕು," ಅಂದ. ನಾನು, "ಗ್ವಾಡಿ ಕಾಣವಲ್ದು, ಇನ್ನೊಂದ್ ಹೆಜ್ಜಿ ಹಿಂದಕ್ಕ ಸರಿ," ಅಂದೆ. ನಿಮ್ಮ ತಂದೆ ಹಿಂದೆ ತಿರುಗಿ ನೋಡಲಿಲ್ಲ. ಫೋಟೋ ಕೆಡುತ್ತದೆಂದು ಮುಖ ನಮ್ಮ ಕಡೆಗೇ ಇಟ್ಟು ಸರಿದ. ಶಮಶುದ್ದೀನ ಕ್ಯಾಮೆರಾದ ಗುಂಡಿ ಒತ್ತುವಾಗಲೇ ಮಣ್ಣು ಜಾರಿತು. ನಾವು ಕೊಳ್ಳಕ್ಕೆ ಇಳಿದು ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ.

ಗುತ್ತೇದಾರ ಜೀಪಿನಲ್ಲಿ ಬಂದ. "ಫೋಟೋ ತೆಗಿಯೋವಾಗ ಬಿದ್ದ ಅಂದ್ರ ಯಾವ ಫೋಟೋ ಅಂತ ಕೇಳ್ತಾರ. ಎಲ್ಲಾ ಹೊರಗ ಬರ್ತೈತಿ," ಅಂದ. ಆಮೇಲೆ, "ಅವನ ಕಡ್ಯಾವ್ರು ಯಾರಾದ್ರೂ ಅದಾರೇನು?" ಎಂದು ಕೇಳಿದ. ನಾನು ಯಾರೂ ಇಲ್ಲ ಅಂದೆ. ನಿಮ್ಮ ಕೇರಿಯಿಂದ ಅವನೊಬ್ಬನೇ ಬಂದಿದ್ದ. ಗ್ಯಾಂಗಿನಲ್ಲಿ ಅವನ ಜೊತೆ ಕೂತು ಉಣ್ಣುವವರೂ ಇರಲಿಲ್ಲ. ನನ್ನ ಊರಿನ ಹುಡುಗ ಬಿದ್ದಿದ್ದರೆ ನಾನು ಆ ಕಾರ್ಡು ಬರೆಯುತ್ತಿರಲಿಲ್ಲ. ಇದು ನನಗೆ ಅವತ್ತೂ ಗೊತ್ತಿತ್ತು, ಇವತ್ತೂ ಗೊತ್ತಿದೆ.

ಅಲ್ಲಿಯೇ ಮಣ್ಣು ಮಾಡಿದೆವು. ಹನ್ನೊಂದನೆಯ ಕಿಲೋಮೀಟರಿನ ನೀರಿನ ಮೋರಿಯಿಂದ ಕೆಳಗೆ ಇಳಿದರೆ ಹಳೆಯ ಬಂಡಿದಾರಿ ಸಿಗುತ್ತದೆ. ಅದರ ಮೇಲೆ ಎಡಕ್ಕೆ ನಲವತ್ತು ಹೆಜ್ಜೆ, ಬಂಡೆಯ ಮಗ್ಗುಲಲ್ಲಿ. ಮೇಲೆ ಕಲ್ಲು ಪೇರಿಸಿದೆವು. ಶಮಶುದ್ದೀನ ಅವತ್ತಿನಿಂದ ನನ್ನ ಕೆಲಸಕ್ಕೆ ಬರಲಿಲ್ಲ. ಅವನು ಎಲ್ಲಿ ಬಾಯಿ ಬಿಡುತ್ತಾನೋ ಎಂದು ಅವನು ಸಾಯುವವರೆಗೆ ಅಂಜಿಕೊಂಡಿದ್ದೆ. ಮನೆ ಮುಂದೆ ಮೋಟಾರ್ ಸೈಕಲ್ ನಿಂತರೆ ಇವತ್ತಿಗೂ ಕಿಟಕಿಯಿಂದ ನೋಡಿಯೇ ಬಾಗಿಲು ತೆಗೆಯುತ್ತೇನೆ.

ಚಹದ ಅಂಗಡಿಯ ಹೆಣ್ಣುಮಗಳನ್ನು ಹೋದ ಅಕ್ಟೋಬರಿನಲ್ಲಿ ನಮ್ಮ ಪಡಸಾಲೆಯಲ್ಲಿ ಕೂತು ಹುಟ್ಟಿಸಿದೆ. ನೀವು ನಾಲ್ಕು ದಿನ ಮುದುಕರ ಮುಖ ನೋಡುತ್ತ ತಿರುಗಿದಿರೆಂದು ಓದಿದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಇದನ್ನೇ ಬಾಂಡ್ ಪೇಪರಿನ ಮೇಲೆ ಬರೆಸಿ ಸಹಿ ಮಾಡಿ ಕಳಿಸಲು ಸಿದ್ಧನಿದ್ದೇನೆ. ಕೋರ್ಟಿಗೆ ಹಾಕಿದರೂ ಅಲ್ಲ ಎನ್ನುವುದಿಲ್ಲ. ಈ ಪತ್ರದ ನಕಲು ಇಟ್ಟುಕೊಂಡಿಲ್ಲ.

ಬಸವಂತರಾಯ

—

ಮುದ್ದೇಬಿಹಾಳ
29 ಜನವರಿ 2025

ಬಸವಂತರಾಯ ಅವರಿಗೆ,

ನಿಮ್ಮ ಪತ್ರ ಮುಟ್ಟಿದ ಮೇಲಿನ ಭಾನುವಾರ ತಂಗಡಗಿಗೆ ಹೋಗಿ ಅವ್ವನಿಗೆ ಓದಿ ಹೇಳಿದೆ. ಅವಳು ಶೇಂಗಾ ಸುಲಿಯುತ್ತಿದ್ದಳು. ಮೊದಲ ಸಲ ಓದಿದಾಗ ಕೈ ನಿಲ್ಲಲಿಲ್ಲ. ಇನ್ನೊಮ್ಮೆ ಓದು ಅಂದಳು. ಓದಿದೆ. "ಹಂಗಾರ ಓಡಿ ಹೋಗಿಲ್ಲೇನು?" ಎಂದು ಕೇಳಿದಳು. ಇಲ್ಲ ಅಂದೆ. ಎದ್ದು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಕೊಡವನ್ನೇ ಮತ್ತೆ ತೊಳೆಯತೊಡಗಿದಳು. ನಾನು ಹೋಗಿ ಕೈ ಹಿಡಿದೆ.

"ಮೂವತ್ತೆಂಟ್ ವರ್ಷ ಬೈದೀನಿ ಅಂವನ್ನ. ಎಲ್ಲೇ ಇರಲಿ, ನೀರು ಹುಟ್ಟಬಾರದು ಅಂತ ಬೈದೀನಿ. ಅಂವ ಮಣ್ಣಾಗಿದ್ದ," ಅಂದಳು. ಅವ್ವ ಅಳುವುದನ್ನು ನಾನು ಅವತ್ತೇ ನೋಡಿದ್ದು. ಅಳುವ ಹೊತ್ತಿನಲ್ಲೂ ನಿಮ್ಮನ್ನು ಬೈಯಲಿಲ್ಲ. ನಾನು ಬೈದೆ, ಬಹಳ ಬೈದೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಸತ್ಯ ಹೇಳಬೇಕೆಂದರೆ ನಿಮ್ಮ ಪತ್ರವನ್ನೂ ನಾನು ಮೊದಲು ಸಂಶಯದಿಂದಲೇ ಓದಿದೆ. ಶಾಲೆಗೆ ಎರಡು ದಿನ ರಜೆ ಹಾಕಿ ಗವಿಕೊಳ್ಳಕ್ಕೆ ಹೋದೆ. ಮೋರಿಯಿಂದ ಇಳಿದೆ, ನಲವತ್ತು ಹೆಜ್ಜೆ ನಡೆದೆ. ಬಂಡೆಯ ಮಗ್ಗುಲಲ್ಲಿ ಪೇರಿಸಿದ ಕಲ್ಲುಗಳಿವೆ. ಪಾಚಿ ಬೆಳೆದಿದೆ, ಒಂದೂ ಕದಲಿಲ್ಲ. ಕ್ಯಾಮೆರಾ ಒಯ್ದಿದ್ದೆ. ಫೋಟೋ ತೆಗೆಯಲಿಲ್ಲ.

ಪ್ರದರ್ಶನದಲ್ಲಿ ನಾಲ್ಕೂ ಚಿತ್ರ ಹಾಕಿದೆ. ಚೀಟಿ ಖಾಲಿ ಬಿಡಲಿಲ್ಲ. "9 ಮಾರ್ಚ್ 1986. ನಾಲ್ಕೂ ಒಂದೇ ದಿನದವು. ಪಾಟಿಯ ಅಂಕಿ ಬರೆದವರು, ಪಾಟಿ ಹಿಡಿದವರು: ಹಣಮಂತ್ರಾಯ, ತಂಗಡಗಿ" ಎಂದು ಬರೆದೆ. ನಿಮ್ಮ ಹೆಸರು ಹಾಕಬೇಡ, ಅದನ್ನು ಅವರೇ ಬಂದು ಹೇಳಲಿ ಎಂದು ಅವ್ವ ಹೇಳಿದ್ದಳು.

ಬಾಂಡ್ ಪೇಪರು ಬೇಡವಂತೆ. ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ: "ಅಂವಂದು ಸಹಿ ಮಾಡಿದ ಕಾಗದ ನನ್ನ ಕಡೆ ಮೊದಲ ಒಂದೈತಿ. ಅದನ್ನ ನಂಬೇ ನಾ ಹಾಳಾಗಿದ್ದು. ಬಾಯಿಲೆ ಹೇಳಲಿ. ಊರ ಅಗಸಿ ಮುಂದ, ದೈವ ಕೂಡಿಸ್ತೇನಿ. ಎಲ್ಲಾರೂ ಕೇಳುವಂಗ ಹೇಳಲಿ, ಅಂವ ಓಡಿ ಹೋಗಿಲ್ಲ ಅಂತ."

ಫೆಬ್ರವರಿ 9, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ದೈವದ ಹಿರಿಯರೆಲ್ಲ ಊರ ಅಗಸಿ ಬಾಗಿಲಲ್ಲಿ ಕೂಡುತ್ತಾರೆ. ಬರುವಾಗ ಯಾರೂ ನಿಮ್ಮ ಮೈ ಮುಟ್ಟುವುದಿಲ್ಲ, ಅದಕ್ಕೆ ಅವ್ವನೇ ಹೊಣೆ. ಬರುವುದು ಬಿಡುವುದು ನಿಮಗೆ ಸೇರಿದ್ದು. ನೀವು ಬರುತ್ತೀರೆಂದು ಅವಳು ನಂಬಿದ್ದಾಳೆ. ನಾನು ನಂಬಿಲ್ಲ.

ಪ್ರಜ್ಞಾ

—

ತಂಗಡಗಿ
3 ಮಾರ್ಚ್ 2025

ಬಸವಂತರಾಯ ಮುಕಾದಮರಿಗೆ ಸಾವಿತ್ರವ್ವ ಹೇಳಿ ಬರಸಿದ್ದು.

ನಾ ಹೇಳಿದ್ದನ್ನ ನನ್ನ ಮಗಳು ಹಂಗ ಬರೀತಾಳ. ತಿದ್ದಬ್ಯಾಡ ಅಂದೀನಿ.

ನೀವು ಅವತ್ತು ಬರೂದಿಲ್ಲ ಅಂತ ಇಕಿ ಪಂತ ಕಟ್ಟಿದ್ಲು. ಹತ್ತೂವರಿ ಆಗಿತ್ತು, ದೈವದಾವ್ರೂ ಏಳಾಕತ್ತಿದ್ರು. ಆಗ ನೀವು ಸೊಸಿ ಕೈ ಹಿಡ್ಕೊಂಡು ಬಸ್ಸಿಳಿದ್ರಿ. ಕುಂಡ್ರಿ ಅಂತ ಖುರ್ಚಿ ಕೊಟ್ರ ಕುಂಡರಲಿಲ್ಲ. ಚಪ್ಪಲಿ ಬಿಟ್ಟು ನಿಂತು ಎಲ್ಲಾ ಹೇಳಿದ್ರಿ. ಇನ್ನೊಂದ್ ಹೆಜ್ಜಿ ಹಿಂದಕ್ಕ ಸರಿ ಅಂತ ಅಂದಾವ್ರು ನೀವ ಅನ್ನೂದನ್ನೂ ಬಿಡಲಿಲ್ಲ. ನಿಮ್ಮ ದನಿ ಸಣ್ಣದಿತ್ತು. ಹಿಂದಿನವ್ರಿಗೆ ಕೇಳಿಲ್ಲ ಅಂತ ನಾನ ಎದ್ದು ಹೇಳಿದೆ, ನೀವು ಮತ್ತ ಮೊದಲಿಂದ ಹೇಳಿದ್ರಿ. ನನ್ನ ಹಿಂದಿಂದ ಆಡ್ಕೋತಿದ್ದ ಮಂದಿ ಎಲ್ಲಾ ಅಲ್ಲೇ ಇದ್ರು. ಎರಡೂ ಸಲ ಕೇಳಿದ್ರು.

ನಿಮ್ಮನ್ನ ಮಾಫ್ ಮಾಡೀನಿ ಅಂತ ತಿಳೀಬ್ಯಾಡ್ರಿ. ನನ್ನ ಸಿಟ್ಟು ಹಂಗ ಐತಿ. ನನ್ನ ಕೂಸು ಅಪ್ಪಾ ಅನ್ನೂದು ಕಲಿಯಲೇ ಇಲ್ಲ, ಅದಕ್ಕ ನೀವು ಏನ್ ಕೊಡ್ತೀರಿ? ಆದ್ರ ನೀವು ಬಂದ್ರಿ. ನಿಮ್ಮ ಗುತ್ತೇದಾರ ಬರಲಾರದ ಸತ್ತ. ಅಷ್ಟ ನಿಮ್ಮ ಪಾಲಿಗೆ ಹೇಳ್ತೇನಿ. ನಿಮ್ಮ ಸೊಸಿ ಚಲೋ ಹೆಣಮಗಳು, ಅಕೀಗೆ ನನ್ನ ಮನಿ ಬಾಗಲಾ ತೆಗದೈತಿ.

ಇನ್ನೊಂದು ನಿಮಗ ಗೊತ್ತಿರಬೇಕು. ನಿಮ್ಮ ಕಾರ್ಡು ಬಂದ ದಿನ ನಾ ಕೈಯಾಗಿನ ಬಳಿ ಕಲ್ಲಿಗೆ ಕುಟ್ಟಿ ಒಡಕೊಂಡೆ. ಗಂಡ ಸತ್ತಾಕಿ ಒಡಕೊಳ್ಳೂದು ಬ್ಯಾರೆ. ನನ್ನ ಗಂಡ ಸತ್ತಿರಲಿಲ್ಲ, ಬಿಟ್ಟು ಹೋಗಿದ್ದ. ಬಿಟ್ಟು ಹೋದಾಂವನ ಹೆಸರಿಲೆ ಬಳಿ ಯಾಕ ಬೇಕು ಅಂತ ಒಡಕೊಂಡೆ. ಅವತ್ತಿಂದ ಹಾಕಿರಲಿಲ್ಲ. ನಮ್ಮ ಅತ್ತಿ, ಮುತ್ತೈದಿ ಬರಗೈಲೆ ಇರಬಾರ್ದು ಅಂತ ಎಷ್ಟ ಹೇಳಿದ್ರೂ ಕೇಳಿರಲಿಲ್ಲ.

ಮೊನ್ನಿ ಮುದ್ದೇಬಿಹಾಳ ಸಂತಿಗೆ ಹೋಗಿ ಎರಡೂ ಕೈಗೆ ಹಸರ ಬಳಿ ಇಡಿಸ್ಕೊಂಡೆ. ಮಗಳು ಗಾಬರಿ ಆದ್ಲು. ಅವ್ವಾ, ಸತ್ತಾರ ಅಂತ ಗೊತ್ತಾದ ಮ್ಯಾಲ ಯಾರಾದ್ರೂ ಬಳಿ ಹಾಕ್ಕೋತಾರೇನು ಅಂದ್ಲು. ಮಂದಿ ಏನರ ಅನ್ಲಿ, ಅಂವ ನನ್ನ ಬಿಟ್ಟು ಹೋಗಿಲ್ಲ, ಹಾಕ್ಕೋತೇನಿ ಅಂದೆ.

ಬಳಿ ಏರಸಾಕಿ ಹೊಸಾಕಿ, ನನ್ನ ಕಂಡಾಕಿ ಅಲ್ಲ. ಕೈ ಬಿರುಸಾಗ್ಯಾವ ಅಂತ ತಿಕ್ಕಿ ತಿಕ್ಕಿ ಏರಸಾಕತ್ತಿದ್ಲು. ಏರಸ್ಕೋತ, ಯಜಮಾನ್ರು ಏನ್ ಮಾಡ್ತಾರವ್ವಾ ಅಂತ ಕೇಳಿದ್ಲು. ಆ ಮಾತು ನನ್ನ ಯಾರೂ ಕೇಳಿರಲಿಲ್ಲ ಇಷ್ಟ ವರ್ಷ. ಎಲ್ಲಿ ಅದಾನ ಅಂತ ಕೇಳವ್ರ ಎಲ್ಲಾರೂ.

ಘಾಟಿನ ರಸ್ತಾ ಕಟ್ಟ್ಯಾರ, ಅಂದೆ.

ಸಾವಿತ್ರವ್ವ
(ಬರೆದುಕೊಂಡವಳು: ಪ್ರಜ್ಞಾ)